ನೀರು ಮುಟ್ಟದೆ ಹೋದ ಕೂಸುಗಳು

ಸಖರಾಯಪಟ್ಟಣದ ಅಯ್ಯನಕೆರೆ ಏರಿಯ ಮೇಲೆ ನಿಂತವರಿಗೆ ಯಾರಾದರೊಬ್ಬರು ನೀರುಗಂಟಿಯ ಕತೆ ಹೇಳಿಯೇ ಹೇಳುತ್ತಾರೆ. ರುಕ್ಮಾಂಗದರಾಯ ಕಟ್ಟಿಸಿದನೆಂದು ಹೇಳುವ ಕೆರೆ ಅದು. ವೇದಾ ನದಿ ಇಲ್ಲಿ ತುಂಬಿ ನಿಂತು, ಆಮೇಲೆ ಕಡೂರಿನ ಬಯಲಿಗೆ ಇಳಿಯುತ್ತದೆ. ಒಂದು ಮಳೆಗಾಲದಲ್ಲಿ ನೀರು ಏರಿಯ ನೆತ್ತಿಗೆ ಬಂತಂತೆ. ಆ ರಾತ್ರಿ ಗಂಗಮ್ಮ ನೀರುಗಂಟಿಯ ಮುಂದೆ ನಿಂತು, ನಾನಿನ್ನು ಒಡೆದುಕೊಂಡು ಹೋಗುತ್ತೇನೆ ಎಂದಳು. ತಾಯಿ, ರಾಯರಿಗೆ ಒಂದು ಮಾತು ತಿಳಿಸಿ ಬರುತ್ತೇನೆ, ನಾನು ತಿರುಗಿ ಬರೋ ತನಕ ತಡಿ ಎಂದು ಅವನು ಕಾಲಿಗೆ ಬಿದ್ದ. ಅವಳು ಒಪ್ಪಿದಳು. ಪಟ್ಟಣಕ್ಕೆ ಓಡಿ ಬಂದು ಸುದ್ದಿ ಮುಟ್ಟಿಸಿದವನ ತಲೆಯನ್ನು ರಾಯ ತೆಗೆಸಿದ. ಹೋದವನು ತಿರುಗಿ ಬರಲಿಲ್ಲ, ಕೆರೆ ಒಡೆಯಲಿಲ್ಲ.

ಕೇಳಿದವರೆಲ್ಲ ರಾಯನ ಕ್ರೌರ್ಯಕ್ಕೋ ಜಾಣತನಕ್ಕೋ ಬೆರಗಾಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಗಂಗಮ್ಮನ ಪಾಡು. ಕೊಟ್ಟ ಮಾತಿಗೆ ಅವಳೇ ಸೆರೆಯಾದಳು. ಮನುಷ್ಯರ ಮುಂದೆ ಒಂದು ಕಟ್ಟಳೆ ಇಟ್ಟ ದೇವರು ತಾನೂ ಆ ಕಟ್ಟಳೆಗೆ ಒಳಗಾಗಿಬಿಡುತ್ತಾನೆಯೇ? ಕ್ರೈಸ್ತ ಧರ್ಮದವರು ಸಾವಿರದ ಆರುನೂರು ವರ್ಷ ತಲೆ ಕೆಡಿಸಿಕೊಂಡದ್ದು ಈ ಪ್ರಶ್ನೆಗೇ. ಅವರ ಬಾಯಲ್ಲಿ ಅದರ ರೂಪ ಬೇರೆ: ದೀಕ್ಷಾಸ್ನಾನ ಆಗದೆ ಸತ್ತವರಿಗೆ ರಕ್ಷಣೆ ಇದೆಯೇ? ಇದಕ್ಕೆ ಕ್ಯಾಥೋಲಿಕ್ ಧರ್ಮಸಭೆ 2007ರಲ್ಲಿ ಒಂದು ಉತ್ತರ ಪ್ರಕಟಿಸಿತು. ಅದನ್ನು ಸಿದ್ಧಪಡಿಸಿದ ಉಪಸಮಿತಿಯ ಅಧ್ಯಕ್ಷತೆ ವಹಿಸಿದ್ದವರು ಬೆಂಗಳೂರಿನ ಒಬ್ಬ ಪ್ರಾಧ್ಯಾಪಕ ಪಾದ್ರಿ. ಆ ಉತ್ತರ ಸಿಕ್ಕಿದ ಕತೆ ಗ್ರಂಥಾಲಯಗಳಲ್ಲಿ ನಡೆದದ್ದಕ್ಕಿಂತ ಹೆಚ್ಚಾಗಿ ಸಾವಿನ ಮನೆಗಳಲ್ಲಿ ನಡೆದದ್ದು.

ಪ್ರಶ್ನೆ ಹುಟ್ಟಿದ್ದು ಯೋವಾನ್ನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ. ರಾತ್ರಿ ಹೊತ್ತು ಗುಟ್ಟಾಗಿ ಬಂದ ನಿಕೊದೇಮನಿಗೆ ಯೇಸು, ನೀರಿನಿಂದಲೂ ಆತ್ಮದಿಂದಲೂ ಹೊಸದಾಗಿ ಹುಟ್ಟದವನು ದೇವರ ರಾಜ್ಯಕ್ಕೆ ಸೇರಲಾರ ಎನ್ನುತ್ತಾನೆ. ಮಾತಿನಲ್ಲಿ ಸಡಿಲವೇ ಇಲ್ಲ. ಆದರೆ ಅದೇ ಬೈಬಲಿನಲ್ಲಿ ಶಿಲುಬೆಯ ಮೇಲೆ ಪಕ್ಕದಲ್ಲಿ ನೇತಾಡುತ್ತಿದ್ದ ಕಳ್ಳನಿಗೆ, ಈ ದಿನವೇ ನೀನು ನನ್ನ ಜೊತೆಗಿರುವೆ ಎಂಬ ಭರವಸೆ ಸಿಗುತ್ತದೆ. ಅವನ ಮೇಲೆ ಯಾರೂ ನೀರು ಹೊಯ್ದಿರಲಿಲ್ಲ. ರೋಮ್ ಸೇನೆಯ ಕೊರ್ನೇಲಿಯನ ಮನೆಯಲ್ಲಂತೂ ಪವಿತ್ರಾತ್ಮ ಮೊದಲು ಬಂತು, ನೀರು ಆಮೇಲೆ. ಕಟ್ಟಳೆ ಮತ್ತು ಅದರ ಮೀರಿಕೆ ಎರಡೂ ಒಂದೇ ಪುಸ್ತಕದಲ್ಲಿವೆ. ಮೊದಲ ಮೂರು ಶತಮಾನ ಇದು ದೊಡ್ಡ ತೊಡಕಾಗಲಿಲ್ಲ. ದೀಕ್ಷೆಗೆ ಕಾದಿರುವಾಗಲೇ ಯಾರಾದರೂ ನಂಬಿಕೆಗಾಗಿ ಹತರಾದರೆ ಅವರು ತಮ್ಮ ರಕ್ತದಲ್ಲೇ ಸ್ನಾನ ಮಾಡಿದರು ಎಂದು ಕಾರ್ಥೇಜಿನ ಸಿಪ್ರಿಯನ್‌ನಂಥ ಬಿಗಿ ಮನುಷ್ಯನೂ ಒಪ್ಪಿದ್ದ. ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಹೆಸರಾಂತ ಮಾತಿಗೆ ಮೂಲಪುರುಷ ಅವನೇ.

ಇಕ್ಕಟ್ಟು ಬಂದದ್ದು 392ರಲ್ಲಿ. ರೋಮಿನ ಪಶ್ಚಿಮ ಭಾಗದ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್ ಮೇ 15ರಂದು ಗಾಲ್ ಪ್ರಾಂತದ ವಿಯೆನ್ ಊರಿನಲ್ಲಿ ನೇಣಿನಲ್ಲಿ ಸಿಕ್ಕಿದ. ವಯಸ್ಸು 21. ಕೊಂದರೋ ತಾನೇ ಬಿಗಿದುಕೊಂಡನೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಮಿಲಾನಿನ ಬಿಷಪ್ ಆಂಬ್ರೋಸ್ ಬಂದು ತನಗೆ ದೀಕ್ಷಾಸ್ನಾನ ಕೊಡಬೇಕೆಂದು ಅವನು ಹೇಳಿಕಳಿಸಿದ್ದ. ಆಂಬ್ರೋಸ್ ಹೊರಟೂ ಆಗಿತ್ತು. ತಲುಪುವ ಮೊದಲೇ ಹುಡುಗ ಸತ್ತ. ಆ ಕಾಲದಲ್ಲಿ ದೊಡ್ಡಮನೆಯವರು ದೀಕ್ಷೆಯನ್ನು ಮುಂದೂಡುವುದು ರೂಢಿ. ಕಾನ್‌ಸ್ಟಂಟೈನ್ ಚಕ್ರವರ್ತಿಯೂ 337ರಲ್ಲಿ ಸಾಯುವ ಹಾಸಿಗೆಯಲ್ಲೇ ಸ್ನಾನ ಪಡೆದದ್ದು. ತಮಾಷೆಯೆಂದರೆ 374ರಲ್ಲಿ ಜನ ಆಂಬ್ರೋಸನನ್ನು ಬಿಷಪ್ ಎಂದು ಆರಿಸಿದಾಗ ಅವನಿಗೂ ದೀಕ್ಷೆ ಆಗಿರಲಿಲ್ಲ. ಆತುರಾತುರವಾಗಿ ನೀರು ಹಾಕಿ, ಎಂಟು ದಿನದಲ್ಲಿ ಪಟ್ಟಕ್ಕೆ ಕೂರಿಸಿದ್ದರು.

ಶವ ಮಿಲಾನಿಗೆ ಬಂತು. ಸತ್ತವನ ಅಕ್ಕತಂಗಿಯರು ಅಳುತ್ತಿದ್ದರು, ಸತ್ತ ದುಃಖಕ್ಕಿಂತ ಹೆಚ್ಚಾಗಿ ಸ್ನಾನವಿಲ್ಲದೆ ಸತ್ತನಲ್ಲ ಎಂಬ ಭಯಕ್ಕೆ. ಅವರ ಮುಂದೆ ನಿಂತು ಆಂಬ್ರೋಸ್ ಹೇಳಿದ್ದರ ಸಾರ ಇಷ್ಟು: ನಮ್ಮ ಕೈಯಲ್ಲಿರುವುದು ಬಯಸುವುದು, ಕೇಳುವುದು. ಅದನ್ನು ಅವನು ಮಾಡಿದ. ಕೇಳಿದವನಿಗೆ ಕೊಡುವವನು ದೇವರು. ಹಾಗಾದರೆ ಅವನಿಗೆ ಸಿಕ್ಕಿದೆ. ಹುತಾತ್ಮರನ್ನು ಅವರ ರಕ್ತ ತೊಳೆಯುವುದಾದರೆ ಇವನನ್ನು ಇವನ ಬಯಕೆ ತೊಳೆಯಿತು. ಬಯಕೆಯ ದೀಕ್ಷಾಸ್ನಾನ ಎಂದು ಮುಂದೆ ಹೆಸರಾದ ವಿಚಾರದ ಮೊದಲ ದೊಡ್ಡ ಉಲ್ಲೇಖ ಇದೇ. ಹುಟ್ಟಿದ್ದು ಸೂತಕದ ಮನೆಯಲ್ಲಿ, ಇಬ್ಬರು ಹೆಂಗಸರ ಕಣ್ಣೀರಿಗೆ ಉತ್ತರವಾಗಿ.

ಎಲ್ಲರೂ ಒಪ್ಪಲಿಲ್ಲ. ಹನ್ನೊಂದು ವರ್ಷ ಮೊದಲು, 381ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಾಜಿಯಾಂಜಸಿನ ಗ್ರೆಗರಿ ಇದಕ್ಕೆ ತದ್ವಿರುದ್ಧ ವಾದ ಮಾಡಿದ್ದ: ಬಯಸಿದ ಮಾತ್ರಕ್ಕೆ ಸ್ನಾನ ಆದಂತೆ ಎನ್ನುವವರು ಸ್ವರ್ಗವನ್ನೂ ಬಯಸಿದಷ್ಟಕ್ಕೇ ತೃಪ್ತರಾಗಲಿ. ಕುಹಕ ಚೆನ್ನಾಗಿದೆ. ಆದರೆ ಇದೇ ಗ್ರೆಗರಿ ಹರೆಯದಲ್ಲಿ ಅಥೆನ್ಸಿಗೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿ, ದೀಕ್ಷೆಯಿಲ್ಲದೆ ಸಾಯುತ್ತೇನಲ್ಲ ಎಂದು ಗೋಳಾಡಿದವನು. ಆ ಭಯ ಅವನನ್ನು ಕೊನೆಗೂ ಬಿಡಲಿಲ್ಲವೆಂದು ಕಾಣುತ್ತದೆ. ಹಾಗಿದ್ದೂ, ಸ್ನಾನವಿಲ್ಲದೆ ಸತ್ತ ಕೂಸುಗಳಿಗೆ ಮಹಿಮೆಯೂ ಇಲ್ಲ, ಶಿಕ್ಷೆಯೂ ಇಲ್ಲ ಎನ್ನುವಷ್ಟು ಮೆತ್ತಗೆ ಅವನು ಮಾತಾಡಿದ.

ಕೂಸುಗಳ ವಿಷಯಕ್ಕೆ ಬಂದರೆ ಬಯಕೆಯ ಉಪಾಯ ನಡೆಯುವುದಿಲ್ಲ. ತೊಟ್ಟಿಲ ಕೂಸು ಏನನ್ನು ಕೇಳೀತು? ಇಲ್ಲಿ ಎದುರಾಗುವವನು ಅಗಸ್ಟೀನ್, ಮಿಲಾನಿನಲ್ಲಿ ಆಂಬ್ರೋಸನ ಕೈಯಿಂದಲೇ ನೀರು ಹಾಕಿಸಿಕೊಂಡವನು. ದೊಡ್ಡವರ ಬಗ್ಗೆ ಬರೆಯುವಾಗ ಕಳ್ಳನ ಉದಾಹರಣೆ ಹಿಡಿದು ಅವನೂ ಉದಾರಿ. ಆದರೆ ಮನುಷ್ಯ ಹುಟ್ಟುವಾಗ ಪಾಪವಿಲ್ಲದವನು ಎಂದು ಪೆಲಾಜಿಯಸ್ ಪಂಥದವರು ಹೇಳತೊಡಗಿದಾಗ ಅಗಸ್ಟೀನ್ ಪಟ್ಟು ಬಿಗಿ ಮಾಡಿದ. ಕೂಸಿಗೆ ಯಾಕೆ ದೀಕ್ಷೆ ಕೊಡುತ್ತೀರಿ? ಜನ್ಮಪಾಪ ಇದೆಯೆಂದು ತಾನೆ? ಹಾಗಿದ್ದರೆ ದೀಕ್ಷೆ ಇಲ್ಲದ ಕೂಸು ಪಾಪದಲ್ಲೇ ಸತ್ತಿತು, ನಡುವೆ ಬೇರೆ ಜಾಗ ಎಂಬುದಿಲ್ಲ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಆಫ್ರಿಕದ ಬಿಷಪ್‌ಗಳು ಇದೇ ದಾರಿ ಹಿಡಿದರು. ಎಲ್ಲಕ್ಕಿಂತ ಸೌಮ್ಯವಾದ ಶಿಕ್ಷೆ ಎಂಬ ರಿಯಾಯಿತಿಯನ್ನು ಅಗಸ್ಟೀನ್ ಸೇರಿಸಿದ, ನಿಜ. ನರಕದಲ್ಲಿ ರಿಯಾಯಿತಿ ಕೊಟ್ಟರೆ ಹೆತ್ತವಳಿಗೆ ಸಮಾಧಾನವೇ? ಅವನ ತರ್ಕದಲ್ಲಿ ಬಿರುಕಿಲ್ಲ. ಬಿರುಕಿಲ್ಲದ ತರ್ಕ ಎಲ್ಲಿಗೆ ಕೊಂಡೊಯ್ಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಾನು ಕಂಡಿಲ್ಲ.

ಮುಂದಿನ ಏಳುನೂರು ವರ್ಷ ಯುರೋಪಿನ ತಾಯಂದಿರು ಈ ನೆರಳಿನಲ್ಲೇ ಹೆತ್ತರು. 12ನೆಯ ಶತಮಾನದಲ್ಲಿ ಪ್ಯಾರಿಸಿನ ಅಬೆಲಾರ್ಡ್ ಆ ಸೌಮ್ಯ ಶಿಕ್ಷೆಯೆಂದರೆ ಬೆಂಕಿಯಲ್ಲ, ದೇವರ ದರ್ಶನ ಸಿಗದಿರುವುದು ಅಷ್ಟೇ ಎಂದ. 1201ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಇದನ್ನು ತನ್ನ ಪತ್ರದಲ್ಲಿ ಒಪ್ಪಿದ. ಹೀಗೆ ಹುಟ್ಟಿಕೊಂಡಿತು ಲಿಂಬೋ: ನೋವಿಲ್ಲದ, ಆದರೆ ದೇವರ ಮುಖವೂ ಕಾಣದ, ಕೂಸುಗಳಿಗಾಗಿ ಕಟ್ಟಿದ ಒಂದು ತ್ರಿಶಂಕು ಸ್ವರ್ಗ. ಬೈಬಲಿನಲ್ಲಿ ಅದರ ಹೆಸರಿಲ್ಲ. ಸಿದ್ಧಾಂತವೆಂದು ಅದನ್ನು ಯಾರೂ ಘೋಷಿಸಲಿಲ್ಲ. ಆದರೂ ಶತಮಾನಗಟ್ಟಲೆ ಪ್ರತಿ ಊರಿನ ಧರ್ಮೋಪದೇಶದಲ್ಲೂ ಅದು ಇತ್ತು.

ಇದೇ ಇನ್ನೊಸೆಂಟ್‌ಗೆ 1206ರಲ್ಲಿ ಮೆಟ್ಸ್ ನಗರದ ಬಿಷಪ್‌ನಿಂದ ವಿಚಿತ್ರವಾದ ಒಂದು ಪ್ರಶ್ನೆ ಬಂತು. ಒಬ್ಬ ಯಹೂದಿ, ಸುತ್ತ ಯಹೂದಿಗಳೇ ಇರುವಾಗ, ಸಾಯುತ್ತೇನೆಂದು ತಿಳಿದು ತಾನೇ ನೀರಿಗಿಳಿದು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ತನಗೆ ತಾನೇ ದೀಕ್ಷೆ ಕೊಟ್ಟುಕೊಂಡಿದ್ದ. ಇದು ಊರ್ಜಿತವೇ? ಪೋಪ್‌ನ ಉತ್ತರ: ಇಲ್ಲ, ಕೊಡುವವನು ಬೇರೆ, ಪಡೆಯುವವನು ಬೇರೆ ಆಗಿರಬೇಕು, ಬದುಕುಳಿದವನಿಗೆ ಇನ್ನೊಬ್ಬರು ದೀಕ್ಷೆ ಕೊಡಲಿ. ಆದರೆ ಆಗಲೇ ಸತ್ತುಹೋಗಿದ್ದರೆ? ನೇರ ಸ್ವರ್ಗಕ್ಕೇ ಹೋಗುತ್ತಿದ್ದ, ಸಂಸ್ಕಾರದ ಬಲದಿಂದಲ್ಲ, ಸಂಸ್ಕಾರದ ಮೇಲಿಟ್ಟ ನಂಬಿಕೆಯ ಬಲದಿಂದ. ಕಚೇರಿಯಿಂದ ಹೊರಟ ಕಾಗದದಲ್ಲಿ ಇಂಥ ಮಾತು ಸಿಗುವುದು ಅಪರೂಪ. ಕ್ರಿಯೆ ಅಸಿಂಧು, ಮನುಷ್ಯ ಪಾರು!

ಇದಕ್ಕೆ ತಾತ್ವಿಕ ಆಧಾರ ಕೊಟ್ಟವನು ಅದೇ ಶತಮಾನದ ಥಾಮಸ್ ಅಕ್ವಿನಾಸ್. ದೇವರು ತನ್ನ ಶಕ್ತಿಯನ್ನು ಸಂಸ್ಕಾರಗಳಿಗೆ ಕಟ್ಟಿಹಾಕಿಲ್ಲ. ಸಂಸ್ಕಾರವಿಲ್ಲದೆಯೂ ಅದರ ಫಲವನ್ನು ಕೊಡಬಲ್ಲ ಎಂಬುದು ಅವನ ನಿಲುವು. 1992ರ ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥ ಇದನ್ನೇ ಹಿಡಿದು, ರಕ್ಷಣೆಯನ್ನು ದೇವರು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನು ಕಟ್ಟುಬಿದ್ದಿಲ್ಲ ಎಂಬ ಅರ್ಥದ ಮಾತು ಹೇಳುತ್ತದೆ. ಅಯ್ಯನಕೆರೆಯ ಗಂಗಮ್ಮನಿಗೂ ಅಕ್ವಿನಾಸನ ದೇವರಿಗೂ ಇರುವ ದೂರ ಇಷ್ಟೇ: ಒಬ್ಬಳು ಕೊಟ್ಟ ಮಾತಿನ ಒಳಗಿದ್ದಾಳೆ, ಇನ್ನೊಬ್ಬ ಕೊಟ್ಟ ಮಾತಿಗಿಂತ ದೊಡ್ಡವನು. ನನ್ನ ಎಣಿಕೆಯಲ್ಲಿ ಈ ಕತೆಯ ನಿಜವಾದ ಆವಿಷ್ಕಾರ ಇದು. ದೀಕ್ಷೆ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಬಿಡಿಸಿ, ಅದು ಯಾರ ಮೇಲಿನ ಕಟ್ಟಳೆ ಎಂದು ಕೇಳಿದ್ದು. ಕಟ್ಟಳೆ ತಿಳಿದವನ ಮೇಲೆ ಅದು ಪೂರ್ತಿ ಉಂಟು. ದೇವರ ಕೈಗೆ ಅದು ಬೇಡಿಯಲ್ಲ.

ಆದರೆ ಆವಿಷ್ಕಾರ ಮಾಡಿದವರೇ ಅದನ್ನು ಕೂಸುಗಳ ಮಟ್ಟಕ್ಕೆ ತರಲು ಹಿಂಜರಿದರು. ಧೈರ್ಯ ಮಾಡಿದವನು 16ನೆಯ ಶತಮಾನದ ಕಾರ್ಡಿನಲ್ ಕಜೆಟಾನ್, ಲೂಥರನನ್ನು ವಿಚಾರಣೆ ಮಾಡಿ ಹೆಸರಾದವನು. ಅಕ್ವಿನಾಸನ ಮೇಲೆ ಬರೆದ ವ್ಯಾಖ್ಯಾನದಲ್ಲಿ, ಗರ್ಭದಲ್ಲೇ ಸಾಯುವ ಕೂಸಿನ ಪಾಲಿಗೆ ತಂದೆತಾಯಿಯ ಬಯಕೆ, ಅವರ ಹರಕೆ, ಕೂಸಿನ ಬಯಕೆಯಾಗಿ ನಿಲ್ಲಬಹುದು ಎಂದ. ಟ್ರೆಂಟ್ ಮಹಾಸಭೆಯಲ್ಲಿ ಇದನ್ನು ಖಂಡಿಸಬೇಕೆಂಬ ಮಾತು ಎದ್ದು, ಖಂಡನೆಯಾಗದೆ ಉಳಿಯಿತು. ಆಮೇಲೆ ಪೋಪ್ ಐದನೆಯ ಪಯಸ್ 1570ರ ರೋಮ್ ಮುದ್ರಣದಿಂದ ಆ ಭಾಗವನ್ನೇ ತೆಗೆಸಿಹಾಕಿದ. ಆ ಹೊತ್ತಿಗೆ ಆಚೆ ಪಂಗಡದ ಲೂಥರ್ 1542ರಲ್ಲೇ ಗರ್ಭ ಕಳೆದುಕೊಂಡ ಹೆಂಗಸರಿಗೆಂದು ಒಂದು ಚಿಕ್ಕ ಹೊತ್ತಗೆ ಬರೆದು, ನಿಮ್ಮ ನಿಟ್ಟುಸಿರನ್ನೇ ದೇವರು ಪ್ರಾರ್ಥನೆಯೆಂದು ಕೇಳಿದ್ದಾನೆ ಎಂದು ಸಾಂತ್ವನ ಹೇಳಿದ್ದ. ಜಗಳವಾಡಿದ ಇಬ್ಬರೂ ಈ ಒಂದು ವಿಷಯದಲ್ಲಿ ಒಂದೇ ಹೊಸ್ತಿಲಿಗೆ ಬಂದು ನಿಂತಿದ್ದರು. ಟ್ರೆಂಟ್ ಸಭೆ ಮಾತ್ರ 1547ರಲ್ಲಿ ಎರಡನ್ನೂ ಬರೆದಿಟ್ಟಿತು: ದೀಕ್ಷೆ ಐಚ್ಛಿಕ ಎನ್ನುವವನು ಬಹಿಷ್ಕೃತ, ಆದರೆ ದೀಕ್ಷೆ, ಇಲ್ಲವೇ ಅದರ ಬಯಕೆ, ಇವುಗಳಿಲ್ಲದೆ ಮಾತ್ರ ನೀತಿವಂತಿಕೆ ಸಿಗದು.

ಈ ಪಂಡಿತರ ಮಾತು ಹಡಗು ಹತ್ತಿ ಬಂದ ಪಾದ್ರಿಗಳ ಕೈಯಲ್ಲಿ ಬೇರೆಯೇ ಆಯಿತು. 1540ರ ದಶಕದಲ್ಲಿ ಫ್ರಾನ್ಸಿಸ್ ಝೇವಿಯರ್ ತಮಿಳು ಕರಾವಳಿಯಲ್ಲಿ ಕೈ ಸೋಲುವಷ್ಟು ಜನಕ್ಕೆ ನೀರು ಹೊಯ್ದ. ಜಪಾನಿನಲ್ಲಿ ಹೊಸದಾಗಿ ದೀಕ್ಷೆ ಪಡೆದವರು, ನಮ್ಮ ಸತ್ತ ಹಿರಿಯರ ಗತಿಯೇನು ಎಂದು ಕೇಳಿದಾಗ ಅವನ ಬಳಿ ಇದ್ದ ಉತ್ತರ ಅವರನ್ನು ಅಳಿಸಿತು. ಅದನ್ನು ಅವನೇ ತನ್ನ ಕಾಗದದಲ್ಲಿ ಬರೆದಿದ್ದಾನೆ.

ನಮ್ಮ ಸೀಮೆಗೆ ಬರೋಣ. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1823ರಲ್ಲಿ ಊರಿಗೆ ಮರಳಿ, ಇಪ್ಪತ್ತೈದು ವರ್ಷದಲ್ಲಿ ತಾನು ದೀಕ್ಷೆ ಕೊಟ್ಟವರು ಇನ್ನೂರರಿಂದ ಮುನ್ನೂರು, ಅದರಲ್ಲೂ ಹೆಚ್ಚಿನವರು ದಿಕ್ಕಿಲ್ಲದವರು ಎಂದು ಮುಚ್ಚುಮರೆಯಿಲ್ಲದೆ ಬರೆದ. ಅವನು ಸೇರಿದ್ದ ಪ್ಯಾರಿಸ್ ವಿದೇಶ ಮಿಷನ್ ಸಂಘದವರೇ ಮುಂದೆಯೂ ಮೈಸೂರು ಸೀಮೆಯನ್ನು ನೋಡಿಕೊಂಡರು. ಆ ಸಂಘದ ವಾರ್ಷಿಕ ವರದಿಗಳಲ್ಲಿ ದೊಡ್ಡವರ ದೀಕ್ಷೆಗೆ ಒಂದು ಲೆಕ್ಕ, ಸಾವಿನಂಚಿನಲ್ಲಿದ್ದ ಅನ್ಯಧರ್ಮೀಯರ ಮಕ್ಕಳ ದೀಕ್ಷೆಗೆ ಬೇರೊಂದು ಲೆಕ್ಕ. ಇಂಥ ಮಕ್ಕಳಿಗೆ ನೀರು ಮುಟ್ಟಿಸುವುದಕ್ಕೆಂದೇ 1843ರಲ್ಲಿ ಫ್ರಾನ್ಸಿನಲ್ಲಿ ಪವಿತ್ರ ಬಾಲ್ಯ ಎಂಬ ಸಂಘ ಹುಟ್ಟಿ, ಅಲ್ಲಿನ ಶಾಲೆಯ ಮಕ್ಕಳಿಂದ ಕಾಸು ಕೂಡಿಸುತ್ತಿತ್ತು. ಮೊದಲ ಗುರಿ ಚೀನಾ. ಆಮೇಲೆ ಏಷ್ಯಾದ ಉಳಿದ ಮಿಷನ್‌ಗಳು.

1876ರಿಂದ 1878ರ ತನಕ ಧಾತು ಈಶ್ವರ ಬರ ಬಂತು. 1871ರ ಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಕಡೂರು, ಅಜ್ಜಂಪುರದಂಥ ಬಯಲಿನ ಊರುಗಳು ಮಳೆ ಕೈಕೊಟ್ಟರೆ ಏನಾಗುತ್ತವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಂಜಿ ಹಾಕಿದವರಲ್ಲಿ, ದಿಕ್ಕಿಲ್ಲದ ಮಕ್ಕಳನ್ನು ಎತ್ತಿಕೊಂಡವರಲ್ಲಿ ಮಿಷನ್ನಿನವರೂ ಇದ್ದರು. ಅವರು ಬದುಕಿಸಿದ ಮಕ್ಕಳ ಉಪಕಾರ ಸಣ್ಣದಲ್ಲ. ಆದರೆ ಬದುಕದ ಮಕ್ಕಳ ಹಣೆಗೆ ಒಂದು ತೊಟ್ಟು ನೀರು ಹಾಕಿ ಲೆಕ್ಕಕ್ಕೆ ಸೇರಿಸುವ ಪದ್ಧತಿಯ ಹಿಂದೆ ಇದ್ದದ್ದು ಅಗಸ್ಟೀನನ ಭಯ. ಹಾಕಿದವರು ಕೆಟ್ಟವರಲ್ಲ. ಬಿಟ್ಟರೆ ಈ ಕೂಸು ಎಂದೆಂದಿಗೂ ದೇವರ ಮುಖ ಕಾಣದು ಎಂದು ನಿಜವಾಗಿ ನಂಬಿದವರು ಇನ್ನೇನು ಮಾಡಿಯಾರು? ಇದಕ್ಕೆ ಪಾದ್ರಿಯೇ ಬೇಕೆಂದಿಲ್ಲ. 1439ರ ಫ್ಲಾರೆನ್ಸ್ ಸಭೆಯ ಕಾಲದಿಂದಲೂ ನಿಯಮ ಸ್ಪಷ್ಟ: ತುರ್ತಿನಲ್ಲಿ ಯಾರು ಬೇಕಾದರೂ, ಕ್ರೈಸ್ತರಲ್ಲದ ಸೂಲಗಿತ್ತಿ ಕೂಡ, ಧರ್ಮಸಭೆ ಮಾಡುವುದನ್ನೇ ಮಾಡುತ್ತಿದ್ದೇನೆಂಬ ಮನಸ್ಸಿನಿಂದ ನೀರು ಹೊಯ್ದು ಮೂರು ಹೆಸರು ಹೇಳಿದರೆ ದೀಕ್ಷೆ ಸಿಂಧು. ಕಟ್ಟಳೆಯನ್ನು ಬಿಗಿ ಮಾಡಿದವರೇ ಬಾಗಿಲನ್ನೂ ಇಷ್ಟು ಅಗಲ ತೆರೆದಿಟ್ಟದ್ದು ಸೋಜಿಗ.

ಬಾಗಿಲು ಅಗಲವಾದರೆ ಅಪಾಯವೂ ಉಂಟು. ಇಟಲಿಯ ಬೊಲೋನ್ಯದಲ್ಲಿ ಕಾಯಿಲೆ ಬಿದ್ದ ಯಹೂದಿ ಕೂಸು ಎಡ್ಗಾರ್ಡೊ ಮೊರ್ತಾರನಿಗೆ ಮನೆಯ ಕೆಲಸದ ಹುಡುಗಿ ಗುಟ್ಟಾಗಿ ನೀರು ಹಾಕಿದ್ದಳು. ಕೂಸು ಬದುಕಿತು. ಗುಟ್ಟು ಹೊರಬಿದ್ದು, 1858ರ ಜೂನ್‌ನಲ್ಲಿ ಪೋಪ್ ಆಡಳಿತದ ಪೊಲೀಸರು ಆರು ವರ್ಷದ ಹುಡುಗನನ್ನು ಹೆತ್ತವರಿಂದ ಕಿತ್ತು ಎಳೆದೊಯ್ದರು. ಕ್ರೈಸ್ತ ಮಗು ಯಹೂದಿ ಮನೆಯಲ್ಲಿ ಬೆಳೆಯಬಾರದೆಂಬ ಕಾನೂನು. ಅವನು ತಿರುಗಿ ಬರಲಿಲ್ಲ, ಪಾದ್ರಿಯಾದ.

ಕರ್ನಾಟಕದ ಪ್ರಾಟೆಸ್ಟಂಟರಲ್ಲಿ ಪ್ರಶ್ನೆ ಬೇರೊಂದು ಮಗ್ಗುಲಿಗೆ ಹೊರಳಿತು. 1844ರ ಜನವರಿ 6ರಂದು ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯರು ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದರು. ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ. ಹಿಂದಿನ ವರ್ಷ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರ ಗುರು. ನಂಬಿಕೆ ಮನಸ್ಸಿನಲ್ಲಿ ಇದ್ದಷ್ಟು ದಿನ ಊರು ಸುಮ್ಮನಿತ್ತು. ನೀರು ಬಿದ್ದ ದಿನ ಮನೆ, ಜಾತಿ, ನೆಂಟರು ಎಲ್ಲ ಕಡಿದುಹೋದವು, ಹೆಂಡತಿ ಜೊತೆಗೆ ಬರಲಿಲ್ಲ. ಭಾರತದಲ್ಲಿ ದೀಕ್ಷಾಸ್ನಾನ ಎಂದರೆ ಪಾಪ ತೊಳೆಯುವುದಕ್ಕಿಂತ ಮೊದಲು ಊರಿನ ಕಣ್ಣಿಗೆ ಜಾತಿ ಕಳೆಯುವುದು. ಮದರಾಸಿನ ಕಂದಸ್ವಾಮಿ ಚೆಟ್ಟಿಯವರು 1915ರಲ್ಲಿ ಮಿಷನರಿಗಳ ಸಭೆಯಲ್ಲೇ ನಿಂತು, ಕ್ರಿಸ್ತನನ್ನು ಒಪ್ಪುತ್ತೇನೆ, ಆದರೆ ದೀಕ್ಷೆ ಪಡೆದು ನನ್ನ ಜನರನ್ನು ಬಿಡಲಾರೆ ಎಂದು ವಿವರಿಸಿದ್ದು ಇದೇ ಕಾರಣಕ್ಕೆ.

ಆ ಮಾತನ್ನು ದೊಡ್ಡ ಚರ್ಚೆ ಮಾಡಿದ್ದು ಬೆಂಗಳೂರು. ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಡೆನ್ಮಾರ್ಕಿನ ಕಾಯ್ ಬಾಗೊ 1966ರಲ್ಲಿ, ಯೇಸುವನ್ನು ನಂಬಲು ಹಿಂದೂಗಳು ತಮ್ಮ ಸಮುದಾಯ ಬಿಟ್ಟು ಚರ್ಚಿನ ಸಮುದಾಯಕ್ಕೆ ಸೇರಲೇಬೇಕೇ ಎಂದು ಕೇಳಿದ. ಕ್ರೈಸ್ತ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯ ಎಂ. ಎಂ. ಥಾಮಸ್ 1971ರಲ್ಲಿ ಹಿಂದೂ ಸಮಾಜದ ಒಳಗೇ ಕ್ರಿಸ್ತನನ್ನು ನಡುವಿಟ್ಟುಕೊಂಡ ಕೂಟಗಳು ಬೆಳೆಯಬಹುದೆಂದು ಬರೆದರು. ಮದರಾಸಿನ ಬಿಷಪ್ ಲೆಸ್ಲಿ ನ್ಯೂಬಿಗಿನ್ ಅದನ್ನು ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಸಭೆಯಿಲ್ಲದೆ, ಅದರ ಗುರುತಿಲ್ಲದೆ ನಂಬಿಕೆ ಗಾಳಿಯಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ಪಟ್ಟು. ಇಬ್ಬರ ಕಾಗದಗಳೂ 1972ರಲ್ಲಿ ಬೆಂಗಳೂರಿನ ಪತ್ರಿಕೆಯಲ್ಲಿ ಅಚ್ಚಾದವು. ನ್ಯೂಬಿಗಿನ್ ಹೇಳಿದ್ದರಲ್ಲಿ ಹುರುಳಿದೆ ಎಂದೇ ನನಗನಿಸುತ್ತದೆ, ಆದರೆ ಬೆಲೆ ತೆರುವವರು ಯಾರು ಎಂದು ಥಾಮಸ್ ನೆನಪಿಸಿದ್ದನ್ನು ಮರೆಯಲಾಗದು. ಆ ಬೆಲೆ ಇನ್ನೂ ಕಡಮೆಯಾಗಿಲ್ಲ: 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಮಹಿಳೆಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ನಿರಾಕರಿಸುವಾಗ ನೋಡಿದ ಸಾಕ್ಷ್ಯಗಳಲ್ಲಿ ಅವರ ದೀಕ್ಷಾಸ್ನಾನವೂ ಒಂದು.

ರೋಮಿನಲ್ಲಿ ಗಂಟು ಸಡಿಲವಾಗತೊಡಗಿದ್ದು ಎರಡನೆಯ ಮಹಾಯುದ್ಧದ ನಂತರ. ಅಮೆರಿಕದಲ್ಲಿ ಪಾದ್ರಿ ಲೆನಾರ್ಡ್ ಫೀನಿ ನೀರಿಲ್ಲದವನಿಗೆ ರಕ್ಷಣೆಯೇ ಇಲ್ಲ ಎಂದು ಸಾರುತ್ತಿದ್ದ. 1949ರಲ್ಲಿ ರೋಮ್ ಕಾಗದ ಬರೆದು ತಿದ್ದಿತು, 1953ರಲ್ಲಿ ಬಹಿಷ್ಕಾರ ಹಾಕಿತು. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂದವನೇ ಸಭೆಯ ಹೊರಗಾದ. 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮದಲ್ಲದ ತಪ್ಪಿನಿಂದ ಸುವಾರ್ತೆ ತಿಳಿಯದವರಿಗೂ ರಕ್ಷಣೆ ಸಾಧ್ಯ ಎಂದು ಬರೆದುಕೊಂಡಿತು. ಅದರ ಬೆನ್ನಿಗೇ ಬಂದ ಹೊಸ ಪೂಜಾಗ್ರಂಥದಲ್ಲಿ ದೀಕ್ಷೆಗೆ ಮೊದಲೇ ಸತ್ತ ಕೂಸಿನ ಅಂತ್ಯಕ್ರಿಯೆಗೆ ಪ್ರಾರ್ಥನೆಗಳು ಸೇರಿದವು. 1917ರ ಕಾನೂನಿನಲ್ಲಿ ಅಂಥ ಕೂಸಿಗೆ ಚರ್ಚಿನ ಮಣ್ಣೂ ಇರಲಿಲ್ಲ. ಪಂಡಿತರಿಗಿಂತ ಮೊದಲು ಪೂಜೆಯ ಪುಸ್ತಕ ಉತ್ತರ ಕಂಡುಕೊಂಡಿತ್ತು ಎಂದು ಹೇಳಿದರೆ ತಪ್ಪಾಗದು.

2004ರಲ್ಲಿ ಎರಡನೆಯ ಜಾನ್ ಪಾಲ್ ಈ ಗಂಟನ್ನು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗದ ಮುಂದಿಟ್ಟರು. ಆಯೋಗ ಹತ್ತು ಜನರ ಉಪಸಮಿತಿ ಮಾಡಿತು: ಇಟಲಿ, ಕೊರಿಯ, ನೈಜೀರಿಯ, ಬೆಲ್ಜಿಯಂ, ಅರ್ಜೆಂಟೀನ, ಹಂಗೇರಿ ಹೀಗೆ ದೇಶಕ್ಕೊಬ್ಬರು. ಅಧ್ಯಕ್ಷರು ಬೆಂಗಳೂರಿನ ಕ್ರಿಸ್ತು ಜ್ಯೋತಿ ಕಾಲೇಜಿನ ಸಲೇಸಿಯನ್ ಪಾದ್ರಿ ಡೊಮಿನಿಕ್ ವೇಲಿಯಾತ್. ಅನ್ಯಧರ್ಮಗಳನ್ನು ಕ್ರೈಸ್ತ ಚಿಂತಕರು ಹೇಗೆ ಕಂಡರು ಎಂಬುದನ್ನು, ಜಾನ್ ದಾನಿಯೆಲು ಮತ್ತು ರೇಮಂಡ್ ಪಣಿಕ್ಕರ್ ಇಬ್ಬರನ್ನು ಎದುರುಬದುರಿಟ್ಟು ಅವರು ಪುಸ್ತಕ ಬರೆದಿದ್ದರು. ನೆರೆಮನೆಗಳಲ್ಲಿ ಬಹುಪಾಲು ದೀಕ್ಷೆಯೇ ಇಲ್ಲದವರಿರುವ ಊರಿನಿಂದ ಹೋದವರಿಗೆ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿದಿರಲಾರದು ಎಂಬುದು ನನ್ನ ಊಹೆ. 2005 ಮತ್ತು 2006ರ ಅಕ್ಟೋಬರ್‌ಗಳಲ್ಲಿ ರೋಮಿನಲ್ಲಿ ಪೂರ್ಣ ಆಯೋಗ ಕೂತು ಚರ್ಚಿಸಿತು. ಆಗ ಪೋಪ್ ಆಗಿದ್ದ ಹದಿನಾರನೆಯ ಬೆನೆಡಿಕ್ಟ್, ಕಾರ್ಡಿನಲ್ ಆಗಿದ್ದಾಗಲೇ ಲಿಂಬೋ ಬರೀ ಒಂದು ಊಹೆ, ಅದನ್ನು ಕೈಬಿಡಬಹುದು ಎಂದು ಹೇಳಿದ್ದವರು. 2007ರ ಜನವರಿ 19ರಂದು ಅವರು ಒಪ್ಪಿಗೆ ಕೊಟ್ಟರು. ಏಪ್ರಿಲ್ 20ರಂದು ದಾಖಲೆ ಹೊರಬಂತು.

ಪತ್ರಿಕೆಗಳು ಲಿಂಬೋ ರದ್ದಾಯಿತು ಎಂದು ತಲೆಬರಹ ಹಾಕಿದವು. ದಾಖಲೆ ಹೇಳಿದ್ದು ಅಷ್ಟು ಸಲೀಸಾಗಿ ಅಲ್ಲ. ಲಿಂಬೋ ಒಂದು ಸಾಧ್ಯವಾದ ಅಭಿಪ್ರಾಯವಾಗಿ ಉಳಿಯಬಹುದು. ಆದರೆ ಅದು ದೇವರ ರಕ್ಷಣೆಯ ಇಚ್ಛೆಯನ್ನು ಅತಿಯಾಗಿ ಕಿರಿದುಗೊಳಿಸುತ್ತದೆ. ದೀಕ್ಷೆಯಿಲ್ಲದೆ ಹೋದ ಕೂಸುಗಳು ರಕ್ಷಣೆ ಪಡೆದು ದೇವರ ಮುಖ ಕಾಣುತ್ತವೆಂದು ನಂಬಲು ಗಟ್ಟಿ ಕಾರಣಗಳಿವೆ. ಇದು ಖಚಿತ ಜ್ಞಾನವಲ್ಲ, ಪ್ರಾರ್ಥನೆಯ ಜೊತೆಗೂಡಿದ ನಿರೀಕ್ಷೆ. ಹಾಗೆಂದು ದೀಕ್ಷೆ ಕೊಡುವುದನ್ನು ತಡ ಮಾಡಬೇಡಿ. ಅಳೆದು ಸುರಿದು ಬರೆದ ಮಾತು. ಆದರೂ 418ರಲ್ಲಿ ಮುಚ್ಚಿದ ಬಾಗಿಲು ಇಲ್ಲಿ ತೆರೆಯಿತು.

ಎಲ್ಲ ಕ್ರೈಸ್ತರೂ ಈ ಉತ್ತರದ ಕೆಳಗೆ ಬರುವುದಿಲ್ಲ. ಪೆಂತೆಕೋಸ್ತ್ ಸಭೆಗಳು ಕೂಸುಗಳಿಗೆ ನೀರೇ ಹಾಕುವುದಿಲ್ಲ. ತಿಳಿವಳಿಕೆ ಬಂದವನು ತಾನೇ ಬಂದು ಮುಳುಗಬೇಕು. ರಕ್ಷಣಾ ಸೇನೆ ಎಂದು ನಾವು ಕರೆಯುವ ಸಾಲ್ವೇಶನ್ ಆರ್ಮಿಯವರು 1883ರಿಂದ ದೀಕ್ಷಾಸ್ನಾನವನ್ನೇ ಬಿಟ್ಟಿದ್ದಾರೆ. ಅವರವರ ಲೆಕ್ಕ ಅವರವರಿಗೆ.

ನನಗೆ ತಕರಾರಿರುವುದು ಒಂದು ಸಾಲಿನ ಬಗ್ಗೆ. 1983ರ ಕ್ಯಾಥೋಲಿಕ್ ಧರ್ಮಸಭೆಯ ಕಾನೂನಿನ 868ನೆಯ ವಿಧಿಯ ಎರಡನೆಯ ಭಾಗ, ಸಾವಿನ ಅಪಾಯದಲ್ಲಿರುವ ಕೂಸಿಗೆ, ತಂದೆತಾಯಿ ಕ್ಯಾಥೋಲಿಕರಲ್ಲದಿದ್ದರೂ, ಅವರು ಬೇಡವೆಂದರೂ, ದೀಕ್ಷೆ ಕೊಡುವುದು ನ್ಯಾಯಸಮ್ಮತ ಎನ್ನುತ್ತದೆ. ಅಗಸ್ಟೀನನ ಭಯ ನಿಜವಾಗಿದ್ದರೆ ಅದಕ್ಕೆ ಅರ್ಥವಿತ್ತು. ದೇವರು ಕಟ್ಟುಬಿದ್ದಿಲ್ಲ ಎಂದು ಒಪ್ಪಿದ ಮೇಲೆ, ನೀರಿಲ್ಲದ ಕೂಸಿಗೂ ನಿರೀಕ್ಷೆಯಿದೆ ಎಂದು 2007ರಲ್ಲಿ ಬರೆದ ಮೇಲೆ, ಹೆತ್ತವರ ಮಾತು ಮೀರಿ ನೀರು ಹೊಯ್ಯಲು ಯಾವ ಕಾರಣ ಉಳಿಯಿತು? ಆ ಸಾಲನ್ನು ಕಾನೂನಿನ ಪುಸ್ತಕದಿಂದ ತೆಗೆಯಬೇಕು.